ಕಾಕಾನ ಹೊಟ್ಟೆಯೊಳಗಿನ ಜಾಳಿ

ಅಕ್ಕಲಕೋಟ
4 ಜೂನ್ 2024

ಛಾಯಾ,

ನಾಳೆ ನಿನ್ನ ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ಮುದುಕ ನಿಂತು, "ಕುರಿ ಬಿಟ್ಟ ಬಂದೀನಿ, ಲಗೂ ಕೊಯ್ದ ಕಳಸ್ರಿ" ಎಂದು ವಾಚಮನ್ ಜೊತೆ ಜಗಳ ತೆಗೆದರೆ, ಅವನು ನಮ್ಮಪ್ಪ ಎಂದು ತಿಳಿ. ನೀನು ಮಂದ್ರೂಪ ಬಿಟ್ಟು ಸೋಲಾಪುರ ಸೇರಿ ನಾಲ್ಕು ವರ್ಷವಾಯಿತಲ್ಲ, ಅಷ್ಟರಲ್ಲಿ ಅವನ ಗಡ್ಡ ಪೂರ್ತಿ ಬೆಳ್ಳಗಾಗಿದೆ.

ಮೂರು ವರ್ಷದ ಹಿಂದೆ ಕರುಳು ಒಡೆದು ಅವನ ಹೊಟ್ಟೆ ಕೊಯ್ದಿದ್ದರು. ಆಗ ಗಾಯ ಕೀವಾಗಿ ಎರಡು ತಿಂಗಳು ಮಲಗಿದ್ದ. ಈಗ ಆ ಹೊಲಿಗೆಯ ಜಾಗ ಸಡಿಲಾಗಿದೆ. ಕೆಮ್ಮಿದರೆ ಸಾಕು, ಒಳಗಿನ ಕರುಳು ಬದನೆಕಾಯಿಯಷ್ಟು ಹೊರಗೆ ಉಬ್ಬುತ್ತದೆ. ಕಂಬಳಿಯ ಪಟ್ಟಿ ಬಿಗಿದು ಕಟ್ಟಿಕೊಂಡು ಕುರಿಯ ಹಿಂದೆ ತಿರುಗುತ್ತಾನೆ. ಉಬ್ಬಿದಾಗ ಕೈಯಿಂದ ಒತ್ತಿ, "ಒಳಗ ನಡಿ, ಒಳಗ ನಡಿ" ಎಂದು ಮರಿಗೆ ಹೇಳಿದ ಹಾಗೆ ಹೇಳುತ್ತಾನೆ. ಒಂದು ದಿನ ಅದು ಒಳಗೆ ಹೋಗದೆ ಸಿಕ್ಕಿಕೊಂಡರೆ ಜೀವಕ್ಕೆ ಕುತ್ತು ಬರುತ್ತದೆ ಎಂದು ಡಾಕ್ಟರು ಹೆದರಿಸಿದ ಮೇಲೆ ಆಪರೇಷನ್‌ಗೆ ಒಪ್ಪಿದ್ದಾನೆ.

ನನಗೆ ಬರಲಾಗುವುದಿಲ್ಲ. ಎಂಟು ತಿಂಗಳು ತುಂಬಿವೆ, ಎಸ್.ಟಿ. ಬಸ್ಸಿನ ಕುಲುಕಾಟ ಬೇಡ ಎನ್ನುತ್ತಾರೆ ಅತ್ತೆ. ಅವ್ವ ಕುರಿ ಬಿಟ್ಟು ಬರಲಾರಳು. ತಮ್ಮ ಅಂಬಾದಾಸ ಟ್ರ್ಯಾಕ್ಟರ್ ನಿಲ್ಲಿಸಿ ಜೊತೆಗಿರುತ್ತಾನೆ, ಆದರೆ ಡಾಕ್ಟರ್ ಬರುವ ಹೊತ್ತಿಗೇ ಚಹಾ ಕುಡಿಯಲು ಹೋಗುವ ಮನುಷ್ಯ ಅವನು. ಅಪ್ಪನ ಮರಾಠಿ ನಿನಗೆ ಗೊತ್ತಿದೆ. "ಟಗರು ಮಾರೂವಷ್ಟ ಬರತೈತಿ, ಹೊಟ್ಟಿ ಕೊಯ್ಸಿಕೊಳ್ಳೂವಷ್ಟ ಬರಾಂಗಿಲ್ಲ" ಎಂದು ಅವನೇ ಹೇಳುತ್ತಾನೆ.

ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ. ಡಾಕ್ಟರು ಏನು ಹೇಳುತ್ತಾರೋ ಅದನ್ನು ನೀನು ನಮ್ಮ ಮಾತಿನಲ್ಲಿ ಅವನಿಗೆ ಹೇಳು. ನಾಲ್ಕು ಜನರ ಮುಂದೆ ನಿನ್ನ ಬಾಯಿ ಕಟ್ಟುತ್ತದೆ ಎಂದು ಗೊತ್ತು. ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿ ಮಗ್ಗಿ ಹೇಳುವಾಗ ನನ್ನ ಲಂಗದ ಚುಂಗು ಹಿಡಿದು ನಿಲ್ಲುತ್ತಿದ್ದೆ. ಆದರೂ ಇಡೀ ಆಸ್ಪತ್ರೆಯಲ್ಲಿ ನಮ್ಮವಳು ನೀನೊಬ್ಬಳೇ.

ಈ ಪತ್ರ ನನ್ನ ಗಂಡ ಧನರಾಜರ ಟಿಕೆಟ್ ಚೀಲದಲ್ಲಿ ಬರುತ್ತದೆ. ಅವರ ಬಸ್ಸು ದಿನಕ್ಕೆ ಎರಡು ಸಲ ಸೋಲಾಪುರಕ್ಕೆ ಹೋಗುತ್ತದೆ, ಗೇಟಿನಲ್ಲಿ ಕೊಟ್ಟು ಹೋಗುತ್ತಾರೆ. ಮನೆಯ ಫೋನು ಅತ್ತೆಯ ಕಿವಿಯ ಪಕ್ಕದಲ್ಲಿರುತ್ತದೆ. ಧನರಾಜರು ಓದಿದ್ದು ಮರಾಠಿ ಶಾಲೆ, ಕನ್ನಡ ಅಕ್ಷರ ಅವರಿಗೆ ಇರುವೆ ಹರಿದಾಡಿದ ಹಾಗೆ ಕಾಣುತ್ತದಂತೆ. ಆದ್ದರಿಂದ ಲಕೋಟೆಗೆ ಅಂಟು ಹಚ್ಚುವ ಕಾರಣವಿಲ್ಲ.

ನಿನ್ನ
ಗುರುಬಾಯಿ


ಸೋಲಾಪುರ
16 ಜೂನ್ 2024

ಗುರುಬಾಯಿ,

ಮೊದಲು ನಿನಗೆ ಬೇಕಾದದ್ದನ್ನು ಹೇಳುತ್ತೇನೆ. ಆಪರೇಷನ್ ಸರಿಯಾಗಿ ಆಯಿತು. ನಿನ್ನೆ ಬೀರಣ್ಣ ಕಾಕಾ ಊರಿಗೆ ಹೋದರು.

ಆಪರೇಷನ್ನಿನ ಹಿಂದಿನ ದಿನ ದೊಡ್ಡ ಡಾಕ್ಟರು ಒಂದು ಜಾಳಿಯ ತುಂಡನ್ನು ತಂದು ತೋರಿಸಿದರು. ಬೆಳ್ಳಗೆ, ತೆಳ್ಳಗೆ, ಮೊಸರು ಸೋಸುವ ಅರಿವೆಯ ಹಾಗಿತ್ತು. ಹೊಟ್ಟೆಯ ಸಡಿಲಾದ ಜಾಗಕ್ಕೆ ಒಳಗಿನಿಂದ ಅದನ್ನು ಹಚ್ಚಿ ಹೊಲಿಯುತ್ತಾರಂತೆ. ಕೆಲವರಿಗೆ ಕಾಯಂ ಉಳಿಯುವ ಜಾಳಿ ಹಾಕುತ್ತಾರೆ. ಕಾಕಾನ ಹಳೆಯ ಗಾಯ ಕೀವಾಗಿದ್ದರಿಂದ ಅವರಿಗೆ ತಾನಾಗಿಯೇ ಕರಗಿ ಹೋಗುವ ಜಾಳಿ ಒಳ್ಳೆಯದಂತೆ.

ಕಾಕಾ ಅದನ್ನು ಬೆರಳಿನಲ್ಲಿ ಎಳೆದು ನೋಡಿದರು. ಆಮೇಲೆ ಸುರಭಿ ಸಿಸ್ಟರನ್ನು ಕೇಳಿದರು, "ಬಾಯಾರ, ಇದು ಹತ್ತಿನೋ ಉಣ್ಣಿನೋ?"

ಸುರಭಿ ಸಿಸ್ಟರ್ ಅಕ್ಕಲಕೋಟದವರು, ಕನ್ನಡ ತಿಳಿಯುತ್ತದೆ, ಆಡಲು ನಾಚುತ್ತಾರೆ. "ಯಾಕ್ರಿ ಅಜ್ಜಾ?" ಎಂದರು.

"ನಮ್ಮ ಮಂದಿ ಮದವ್ಯಾಗ ಕೈಗಿ ಉಣ್ಣಿ ದಾರದ ಕಂಕಣ ಕಟ್ಟತಾರ. ಹತ್ತಿ ಕಟ್ಟೋರು ಬ್ಯಾರೆ ಮಂದಿ. ನೀವು ಹೊಟ್ಟ್ಯಾಗ ಹತ್ತಿ ಹಾಕಿ ಹೊಲದ್ರ, ನಾಳಿ ನಮ್ಮ ದೇವರು ಬೀರೋಬಾ ಕೇಳಿದ್ರ ನಾ ಏನ ಹೇಳ್ಲಿ?"

"ಹತ್ತೀನೂ ಅಲ್ಲ, ಉಣ್ಣೀನೂ ಅಲ್ಲ. ಕಾರಖಾನ್ಯಾಗ ಮಾಡಿದ್ದು."

"ಹಂಗಾರ ಬರೋಬರಿ. ಎರಡೂ ಮಂದಿ ಜಗಳಿಲ್ಲ" ಎಂದು ಕಾಕಾ ಮಲಗಿಕೊಂಡರು. ಇಡೀ ವಾರ್ಡು ನಕ್ಕಿತು.

ಆಪರೇಷನ್ ಆದ ನಾಲ್ಕನೆಯ ದಿನ ದೊಡ್ಡ ಡಾಕ್ಟರು ರೌಂಡಿಗೆ ಬಂದಾಗ ಎಂಟು ಜನ ಜೊತೆಗಿದ್ದರು, ಹೆಚ್ಚಿನವರು ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರು. ಅಂಬಾದಾಸ ಚಹಾಕ್ಕೆ ಹೋಗಿದ್ದ. ಡಾಕ್ಟರು ಮರಾಠಿಯಲ್ಲಿ ಹೇಳಿ, ನೆಲ ಒರೆಸುತ್ತಿದ್ದ ನನ್ನನ್ನು ಕರೆದು ಅಜ್ಜನಿಗೆ ಕನ್ನಡದಲ್ಲಿ ಹೇಳು ಎಂದರು. ಜಾಳಿ ಒಂದೂವರೆ ವರ್ಷದಲ್ಲಿ ಕರಗುತ್ತದೆ ಎಂದು ಹೇಳಿದೆ. ಸಂಜೆ ಹತ್ತಿರ ಕೂತು ಉಳಿದದ್ದನ್ನು ಸಾವಕಾಶ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನನ್ನನ್ನು ಮೇಲಿನ ಮಹಡಿಯ ಕೆಲಸಕ್ಕೆ ಹಾಕಿದರು. ನಿನ್ನೆ ಕೆಳಗೆ ಬರುವಷ್ಟರಲ್ಲಿ ಅವರ ಹಾಸಿಗೆಗೆ ಬೇರೆಯವರು ಬಂದಿದ್ದರು. ಇರಲಿ, ಮನೆಗೆ ಕೊಟ್ಟ ಕಾಗದದಲ್ಲಿ ಎಲ್ಲ ಬರೆದಿರುತ್ತದೆ. ಅಂಬಾದಾಸ ಓದಿ ಹೇಳುತ್ತಾನೆ.

ನಿನ್ನ ಹೊಟ್ಟೆಯ ಕಾಳಜಿ ಮಾಡು.

ನಿನ್ನ
ಛಾಯಾ


ಅಕ್ಕಲಕೋಟ
2 ಆಗಸ್ಟ್ 2024

ಛಾಯಾ,

ಹೆಣ್ಣುಮಗು ಹುಟ್ಟಿ ಇಂದಿಗೆ ತಿಂಗಳಾಯಿತು. ಅದು ಮಲಗಿದಾಗ ನಾನೂ ಮಲಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದು ಮಲಗಿದೆ, ನಾನು ನಿನಗೆ ಬರೆಯುತ್ತಿದ್ದೇನೆ.

ಮೊನ್ನೆ ಅಪ್ಪ ಮಗುವನ್ನು ನೋಡಲು ಬಂದಿದ್ದ. ಹೇಗೆ ಬಂದ ಎಂದು ಕೇಳು. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಹೆಗಲ ಮೇಲೆ ಒಂದು ಹೆಣ್ಣುಮರಿಯನ್ನು ಹೊತ್ತುಕೊಂಡು ಬಂದ, ಮೊಮ್ಮಗಳಿಗೆ ಕಾಣಿಕೆ ಎಂದು. ಐದು ತಿಂಗಳ ಕೊಬ್ಬಿದ ಮರಿ. ಅತ್ತೆ ಲೀಲಾಬಾಯಿ ಬಾಗಿಲಲ್ಲೇ ನಿಂತು, "ಬೀಗರ, ತೊಟ್ಟಿಲಾ ತರತೀರಿ ಅಂತ ಕಾಯಾಕತ್ತಿದ್ದೆ, ನೀವು ಕುರಿ ತಂದೀರಿ" ಎಂದರು. "ತೊಟ್ಟಿಲಾ ಹಾಲ ಕೊಡಾಂಗಿಲ್ರಿ" ಎಂದ ಅಪ್ಪ.

ಇಷ್ಟು ವರ್ಷದಲ್ಲಿ ಅವನನ್ನು ಇಷ್ಟು ಹುರುಪಿನಲ್ಲಿ ನೋಡಿರಲಿಲ್ಲ. ಕಂಬಳಿ ಪಟ್ಟಿ ಬಿಚ್ಚಿ ಎಸೆದಿದ್ದಾನೆ. ಹೊಲದ ಅಂಚಿನಲ್ಲಿ ಕುರಿ ಕೂಡಿಹಾಕಲು ಕಲ್ಲಿನ ದಡ್ಡಿ ಕಟ್ಟುತ್ತಿದ್ದಾನೆ. ನಮ್ಮವರು ಗೂಟ ನೆಟ್ಟು ಸುತ್ತ ಬಲೆ ಕಟ್ಟಿ ಕುರಿ ಕೂಡುವುದನ್ನೇ ನಾನು ನೋಡಿದ್ದು. ಈಗ್ಯಾಕೆ ಕಲ್ಲು ಎಂದು ಕೇಳಿದೆ.

"ನನ್ನ ಹೊಟ್ಟ್ಯಾಗ ಬಲಿ ಹಾಕ್ಯಾರಲ್ಲ, ಅದು ಒಂದೂವರಿ ವರ್ಷದಾಗ ಕರಗಿ ಹೋಗತೈತಿ. ಬಲಿ ಅಂಬೂದು ಹೊಸದಿದ್ದಾಗ ಗಟ್ಟಿ, ಗುರುಬಾಯಿ. ನಲವತ್ತ ವರ್ಷ ಬಲಿ ಕಟ್ಟೀನಿ, ನನಗ ಗೊತ್ತಿಲ್ಲೇನು? ಹೊಸಾ ಬಲಿ ಇದ್ದಾಗ ಟಗರು ಹಾದ್ರೂ ಹರ್ಯಾಂಗಿಲ್ಲ. ಆಮ್ಯಾಲ ಕೊಳತ ಮ್ಯಾಲ ಕೋಳಿ ಹಾದ್ರೂ ಹರೀತೈತಿ. ಅದು ಕರಗೂದರಾಗ ಭಾರದ ಕೆಲಸ ಎಲ್ಲಾ ಮುಗಸಿಬಿಡ್ತೀನಿ. ಮುಂದ ನನಗ ತಾಕತ್ತ ಇರಾಂಗಿಲ್ಲ. ನಿಮ್ಮವ್ವ ಒಬ್ಬಾಕಿ ದಿನಾ ಗೂಟ ಬಡದು ಬಲಿ ಕಟ್ಟತಾಳೇನು? ದಡ್ಡಿ ಇದ್ರ ಕುರಿ ಹೊಗಸಿ ಬಾಗಲ ಹಾಕಿದ್ರ ಆತು."

ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಅವ್ವನ ಬಗ್ಗೆ ಒಂದು ಮಾತು ಆಡದವನು, ಅವಳಿಗಾಗಿ ಗೋಡೆ ಕಟ್ಟುತ್ತಿದ್ದಾನೆ. ಭಾರ ಎತ್ತಬಹುದೇ ಎಂದು ಕೇಳಿದ್ದಕ್ಕೆ, "ಛಾಯಾ ಹೇಳ್ಯಾಳ" ಎಂದ. ನೀನು ಡಾಕ್ಟರ ಪಕ್ಕದಲ್ಲೇ ಇದ್ದವಳು, ಹಾಗಾದರೆ ಸರಿಯೇ ಇರಬೇಕು.

ನಿನ್ನಿಂದ ದೊಡ್ಡ ಉಪಕಾರವಾಯಿತು.

ನಿನ್ನ
ಗುರುಬಾಯಿ


ಸೋಲಾಪುರ
4 ಆಗಸ್ಟ್ 2024

ಗುರುಬಾಯಿ,

ಮಗುವಿಗೆ ನನ್ನ ಮುತ್ತು.

ಕಾಕಾ ಕಲ್ಲು ಎತ್ತುವುದನ್ನು ನಿಲ್ಲಿಸಬೇಕು. ಮರಿಯನ್ನೂ ಹೊರಬಾರದು. ಸುರಭಿ ಸಿಸ್ಟರನ್ನು ಇಂದು ಮತ್ತೊಮ್ಮೆ ಕೇಳಿದೆ, ಮೂರು ತಿಂಗಳು ಎರಡು ತಂಬಿಗೆ ನೀರಿಗಿಂತ ಹೆಚ್ಚು ಭಾರ ಎತ್ತಬಾರದಂತೆ. ಅಂಬಾದಾಸನಿಗೆ ಹೇಳಿ ಕಳಿಸು. ಧನರಾಜ ಅಣ್ಣ ಗೇಟಿನಲ್ಲಿ ನಿಂತಿದ್ದಾರೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾರೆ. ಹೆಚ್ಚು ಬರೆಯಲು ಆಗುತ್ತಿಲ್ಲ.

ಛಾಯಾ


ಅಕ್ಕಲಕೋಟ
19 ಆಗಸ್ಟ್ 2024

ಛಾಯಾ,

ಅಂಬಾದಾಸನಿಗೆ ಹೇಳಿ ಕಳಿಸಿದೆ. ಅವನು ಅಪ್ಪನಿಗೆ ಹೇಳಿದ. ನಿನ್ನೆ ಅಂಬಾದಾಸ ಇಲ್ಲಿಗೆ ಬಂದಾಗ ಆದದ್ದನ್ನೆಲ್ಲ ಆಡಿ ತೋರಿಸಿದ.

"ಅಪ್ಪಾ, ಕಲ್ಲ ಎತ್ತಬ್ಯಾಡಂತ."

"ಯಾರಂದ್ರು?"

"ಅಕ್ಕ ಅಂದಾಳ."

"ನಿಮ್ಮಕ್ಕ ಯಾವಾಗ ಡಾಕ್ಟರಕಿ ಆದ್ಳು? ಬಾಣಂತಿಗಿ ಎಲ್ಲಾದಕ್ಕೂ ಅಂಜಿಕಿ."

"ಕಾಗದದಾಗೂ ಹಂಗ ಬರದಾರ. ನಾ ಅವತ್ತ ಓದಿ ಹೇಳಿದ್ದಿಲ್ಲೇನ?"

"ಕಾಗದ ಎಲ್ಲಾರಿಗೂ ಒಂದ ನಮೂನಿ ಬರೀತಾರ. ನನಗ ಛಾಯಾ ಖಾಸಾ ಹೇಳ್ಯಾಳ, ಡಾಕ್ಟರ ಮುಂದ. ನಾ ಕೇಳೀನಿ, ಆಕಿ ಹೇಳ್ಯಾಳ."

ಅಂಬಾದಾಸ ಏನು ಮಾಡಬೇಕು? ಒಂದು ದಿನ ತಾನೇ ಕಲ್ಲು ಹೊತ್ತು ಕೊಟ್ಟನಂತೆ. ಮರುದಿನ ಕಬ್ಬಿನ ಕೆಲಸಕ್ಕೆ ಹೋದ. ಅಪ್ಪ ಮತ್ತೆ ಶುರು ಮಾಡಿದ.

ನನಗೆ ಒಂದು ಮಾತು ತಿಳಿಯುತ್ತಿಲ್ಲ. ಅವನು ನಿನ್ನನ್ನು ಏನು ಕೇಳಿದ, ನೀನು ಏನು ಹೇಳಿದೆ? ಡಾಕ್ಟರು ಏನೆಂದರು? ಮೂರನ್ನೂ ಬಿಡಿಸಿ ಬರೆ. ಅಥವಾ ನೀನೇ ಒಂದು ರವಿವಾರ ಮಂದ್ರೂಪಕ್ಕೆ ಹೋಗಿ ಅವನ ಮುಂದೆ ನಿಂತು ಹೇಳಿ ಬಾ. ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾನೆ. ಬಸ್ಸಿಗೆ ಒಂದು ತಾಸು ಕೂಡ ಆಗುವುದಿಲ್ಲ.

ಕಾಯುತ್ತೇನೆ.

ಗುರುಬಾಯಿ


ಸೋಲಾಪುರ, ನಿನ್ನ ಆಸ್ಪತ್ರೆಯ ಎರಡನೆಯ ಮಹಡಿ
9 ಸೆಪ್ಟೆಂಬರ್ 2024

ಛಾಯಾ,

ನಿನ್ನಿಂದ ಮೂರು ವಾರ ಉತ್ತರ ಬರಲಿಲ್ಲ. ದಿನವೂ ಧನರಾಜರ ಚೀಲ ನೋಡುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಅಪ್ಪ ದಡ್ಡಿಯ ಬಾಗಿಲಿಗೆ ಉದ್ದ ಕಲ್ಲನ್ನು ನಿಲ್ಲಿಸುತ್ತಿದ್ದಾಗ ಹೊಟ್ಟೆ ಹಿಡಿದು ಕೂತನಂತೆ. ಕರುಳು ಹೊರಗೆ ಬಂದು ಸಿಕ್ಕಿಕೊಂಡಿತು. ಇಲ್ಲಿಗೆ ತರುವಷ್ಟರಲ್ಲಿ ಕಪ್ಪಾಗಿತ್ತು. ಒಂದು ಗೇಣು ಕತ್ತರಿಸಿ ತೆಗೆದಿದ್ದಾರೆ. ಉಳಿಯುತ್ತಾನೆ ಎನ್ನುತ್ತಾರೆ, ನಾಳೆಯೊಳಗೆ ತಿಳಿಯುತ್ತದಂತೆ.

ನಿನ್ನೆ ಮೆಟ್ಟಿಲ ಮೇಲೆ ನಿನ್ನನ್ನು ನೋಡಿದೆ. ನಿನ್ನ ಕೈಯಲ್ಲಿ ಬಕೆಟ್ ಇತ್ತು. ನನ್ನ ಕಂಕುಳಲ್ಲಿ ಮಗು ಇತ್ತು. ನೀನು ನನ್ನನ್ನು ನೋಡಿದೆ, ಆಮೇಲೆ ತಿರುಗಿ ಮೇಲೆ ಹೋದೆ.

ದೊಡ್ಡ ಡಾಕ್ಟರು ನನಗೆ ಮರಾಠಿಯಲ್ಲಿ ಕೇಳಿದರು, ಮೂರು ತಿಂಗಳಾಗುವ ಮೊದಲೇ ಕಲ್ಲು ಎತ್ತಲು ಇವರಿಗೆ ಯಾರು ಹೇಳಿದರು ಎಂದು. ನಾನು ಯಾರೂ ಇಲ್ಲ ಎಂದೆ.

ಯಾಕೆ ಹಾಗೆಂದೆನೋ ನನಗೇ ಗೊತ್ತಿಲ್ಲ. ಈ ಪತ್ರವನ್ನು ಸುರಭಿ ಸಿಸ್ಟರ ಕೈಯಲ್ಲಿ ಕೊಡುತ್ತಿದ್ದೇನೆ. ಉತ್ತರ ಬರೆ.

ಗುರುಬಾಯಿ


ಸೋಲಾಪುರ
12 ಸೆಪ್ಟೆಂಬರ್ 2024

ಗುರುಬಾಯಿ,

ಅಂದು ರೌಂಡಿನಲ್ಲಿ ಡಾಕ್ಟರು ಹೇಳಿದ್ದು ಇದು. ಈ ಜಾಳಿ ಗಿಡಕ್ಕೆ ಕೊಡುವ ಕೋಲಿನ ಹಾಗೆ. ಭಾರ ಹೊರುವುದು ಅದರ ಕೆಲಸವಲ್ಲ. ಅದರ ಸಂದಿಯಲ್ಲಿ ಅಜ್ಜನ ಸ್ವಂತ ಮಾಂಸ ಬೆಳೆಯುತ್ತದೆ. ಅದು ಬೆಳೆಯುತ್ತ ಹೋದ ಹಾಗೆ ಜಾಳಿ ನಿಧಾನವಾಗಿ ಕರಗುತ್ತದೆ, ಒಂದೂವರೆ ವರ್ಷಕ್ಕೆ ಜಾಳಿ ಹೋಗಿ ಮಾಂಸ ಉಳಿಯುತ್ತದೆ. ಮೊದಲ ಮೂರು ತಿಂಗಳು ಆ ಮಾಂಸ ಎಳೆಯದು. ಆಗ ಭಾರ ಎತ್ತಿದರೆ ಹೊಲಿಗೆಯ ಅಂಚಿನಲ್ಲಿ ಹರಿಯುತ್ತದೆ. ಆಮೇಲೆ ದಿನ ಹೋದಷ್ಟೂ ಗಟ್ಟಿ.

ಇದೆಲ್ಲ ನನಗೆ ಅಂದೇ ತಿಳಿದಿತ್ತು, ಗುರುಬಾಯಿ. ತಿಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ನಾನು ಬಾಯಿ ತೆಗೆದು, "ಕಾಕಾ, ಹೊಟ್ಟ್ಯಾಗ ಜಾಳಿ ಇಟ್ಟಾರ, ಒಂದೂವರಿ ವರ್ಷದಾಗ ಕರಗತೈತಿ" ಎಂದೆ. ಹಿಂದೆ ನಿಂತಿದ್ದ ಇಬ್ಬರು ಕಲಿಯುವ ಹುಡುಗಿಯರು ನನ್ನ ಮಾತಿನ ಧಾಟಿ ಕೇಳಿ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕಿರಲಿಕ್ಕಿಲ್ಲ. ನನ್ನ ಕಿವಿ ಬಿಸಿಯಾಯಿತು. ಮುಂದಿನ ಮಾತು ಅಲ್ಲಿಗೇ ಬಿಟ್ಟು ನೆಲ ಒರೆಸುವ ಅರಿವೆ ಎತ್ತಿಕೊಂಡೆ. ಆಗ ಕಾಕಾ ಕೇಳಿದರು, "ಹಂಗಾರ ಕರಗೂತನಕ ಗಟ್ಟಿ ಇರತೈತಿ ಅಲ್ಲೇನ, ತಂಗಿ?" ಡಾಕ್ಟರು ಮುಂದಿನ ಹಾಸಿಗೆಯ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದರು. ನಾನು ಹೂಂ ಎಂದೆ. ಅಲ್ಲಿಂದ ಹೋದರೆ ಸಾಕಾಗಿತ್ತು ನನಗೆ.

ನೀನು ಮಂದ್ರೂಪಕ್ಕೆ ಹೋಗು ಎಂದು ಬರೆದಿದ್ದೆಯಲ್ಲ. ನಾನು ಹೋಗಿದ್ದೆ. ಇದನ್ನು ಯಾರಿಗೂ ಹೇಳಿಲ್ಲ. ಆಗಸ್ಟ್ 25, ರವಿವಾರ, ಬೆಳಗಿನ ಬಸ್ಸು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಹೊಲಕ್ಕೆ ಹೋದಾಗ ಕಾಕಾ ಗೋಡೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಗುರಮ್ಮಾ, ನಮ್ಮ ಡಾಕ್ಟರಕಿ ಬಂದಾಳ, ಭಾಕ್ರಿ ತಾ" ಎಂದು ನಿಮ್ಮವ್ವನನ್ನು ಕೂಗಿದರು. ಕೈ ಹಿಡಿದು ದಡ್ಡಿಯ ಸುತ್ತ ತಿರುಗಿಸಿ ತೋರಿಸಿದರು. ಎದೆಯೆತ್ತರ ಬಂದಿತ್ತು. ಕಲ್ಲಿಗೆ ಕಲ್ಲು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನಡುವೆ ಬೆರಳು ಹೋಗುತ್ತಿರಲಿಲ್ಲ.

"ಇಲ್ಲಿ ಬಾಗಲಾ. ನಿಮ್ಮ ಕಾಕು ಇಲ್ಲಿ ಕುಂತು ಕುರಿ ಎಣಸತಾಳ. ಆಕಿಗಿ ಐವತ್ತರ ಮುಂದ ಎಣಸಾಕ ಬರಾಂಗಿಲ್ಲ, ಅದಕ್ಕ ಬಾಗಲಾ ಸಣ್ಣದ ಇಟ್ಟೀನಿ, ಒಂದೊಂದ ಹೋಗ್ಲಿ ಅಂತ."

"ಈಗ ಯಾಕ ಎಣಸಬೇಕ? ನೀನು ಸತ್ತ ಮ್ಯಾಲ ಎಣಸತೀನಿ" ಎಂದರು ಕಾಕು. ಇಬ್ಬರೂ ನಕ್ಕರು.

ನಾನು ಭಾಕ್ರಿ ತಿಂದೆ. ಮಜ್ಜಿಗೆ ಕುಡಿದೆ. "ಜ್ವಾಪಾನ ಕಾಕಾ, ಸಾವಕಾಶ ಮಾಡ್ರಿ" ಎಂದೆ. ಇಷ್ಟೇ ಎಂದೆ. ಹನ್ನೆರಡು ದಿನದ ಮೇಲೆ ಅವರನ್ನು ಸ್ಟ್ರೆಚರಿನ ಮೇಲೆ ತಂದರು. ಅಂದು ಬಾಗಿಲು ತೆರೆದು ಹಿಡಿದವಳು ನಾನೇ.

ಅಷ್ಟು ಹೊತ್ತಿಗೆ ಒಳಗೆ ಆಗಲೇ ಹರಿದಿತ್ತೋ, ನಾನು ಅಂದು ಹೇಳಿದ್ದರೆ ಉಳಿಯುತ್ತಿತ್ತೋ ತಿಳಿಯದು. ಸುರಭಿ ಸಿಸ್ಟರನ್ನು ಕೇಳುವ ಧೈರ್ಯ ನನಗಿಲ್ಲ.

ನೀನು ಡಾಕ್ಟರಿಗೆ ಯಾರೂ ಇಲ್ಲ ಎಂದೆ. ನಿನ್ನೆ ನಾನೇ ಹೋಗಿ ಅವರಿಗೆ ಹೇಳಿದೆ. ಅವರು, ಅಂಥ ಮಾತನ್ನು ನಿನ್ನ ಒಬ್ಬಳ ಮೇಲೆ ಹಾಕಬಾರದಿತ್ತು ಎಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಛಾಯಾ


ಮಂದ್ರೂಪ
3 ನವೆಂಬರ್ 2024

ಛಾಯಾ ಅಕ್ಕಗೆ,

ನಾನು ಅಂಬಾದಾಸ. ಅಪ್ಪ ಹೇಳುತ್ತಾನೆ, ನಾನು ಬರೆಯುತ್ತೇನೆ. ನನ್ನ ಅಕ್ಷರ ಟ್ರ್ಯಾಕ್ಟರ್ ಹೊಡೆದ ಸಾಲಿನ ಹಾಗಿವೆ, ಹೊಂದಿಸಿಕೊಂಡು ಓದು. ಅವನು ಅಂದ ಹಾಗೆಯೇ ಬರೆ ಎಂದು ಆಣೆ ಹಾಕಿಸಿದ್ದಾನೆ.

"ತಂಗಿ, ಗುರುಬಾಯಿ ನಿನ್ನ ಪತ್ರ ನನಗ ಓದಿ ಹೇಳಿದ್ಳು. ಓದಬಾರದಿತ್ತು ಅಂತ ನೀ ತಿಳದಿದ್ರ, ಆಕಿ ಮ್ಯಾಲ ಸಿಟ್ಟ ಮಾಡಬ್ಯಾಡ. ನಾನ ಜುಲುಮಿ ಮಾಡಿ ಓದಿಸಿದೆ.

"ಜೀವ ಐತಿ. ಉಣ್ಣಾಕತ್ತೀನಿ. ಹೊಟ್ಟಿಗಿ ಪಟ್ಟಾ ಕಟ್ಟ್ಯಾರ, ಎತ್ತಿಗಿ ಕಟ್ಟಿದಂಗ. ಈ ಸಲ ಜಾಳಿ ಹಾಕಿಲ್ಲಂತ, ಒಳಗ ಹೊಲಸ ಆಗಿತ್ತಂತ. ಕುರಿ ನನ್ನ ಮಾವನ ಮಗಗ ಪಾಲಿಗಿ ಕೊಟ್ಟೀನಿ, ಆಂವ ಹೊಡಕೊಂಡು ನದಿ ಕಡಿ ಹೋಗ್ಯಾನ. ದಡ್ಡಿ ಖಾಲಿ ಐತಿ. ನಿಮ್ಮ ಕಾಕು ಅದರಾಗ ಮೆಣಸಿನಕಾಯಿ ಒಣಗಸತಾಳ.

"ಒಂದ ಮಾತ ಹೇಳತೀನಿ. ನೀ ಹೂಂ ಅಂದಿ, ನಾ ಮತ್ತ ಕೇಳ್ಲಿಲ್ಲ. ಯಾಕ ಕೇಳ್ಲಿಲ್ಲ? ನನಗ ಬೇಕಾದ ಮಾತ ಅದು. ಸಂತ್ಯಾಗ ಕುರಿ ತಗೋಬೇಕಂದ್ರ ಹಲ್ಲ ನೋಡತೀನಿ, ಕಾಲ ನೋಡತೀನಿ, ಹತ್ತ ಮಂದಿನ ಕೇಳತೀನಿ. ನನ್ನ ಹೊಟ್ಟಿ ವಿಷಯ ಒಬ್ಬ ಹುಡಿಗೀನ ಕೇಳಿ ಬಿಟ್ಟೆ. ಅಂಬಾದಾಸ ಕಾಗದ ಓದಿದಾಗೂ ನಾ ಕಿವಿ ಮುಚ್ಚಕೊಂಡೆ. ಅದು ನಂದು.

"ಆದ್ರ ನೀ ರವಿವಾರ ಬಂದಿದ್ದಿ. ಭಾಕ್ರಿ ತಿಂದಿ. ಅವತ್ತ ಹೇಳಬಹುದಿತ್ತು. ಅದು ನಿಂದು.

"ನನಗ ಇಷ್ಟ ಹೇಳೂದಿತ್ತು. ಸಿಟ್ಟಿಲ್ಲ."

ಇಲ್ಲಿಗೆ ಅಪ್ಪನ ಮಾತು ಮುಗಿಯಿತು. ಕೊನೆಯ ಮಾತನ್ನು ಬರೆಯಲೋ ಬೇಡವೋ ಎಂದು ಅವನೇ ಎರಡು ಸಲ ಕೇಳಿ, ಆಮೇಲೆ ಬರೆ ಎಂದ.

ಅಂಬಾದಾಸ


ಅಕ್ಕಲಕೋಟ
21 ಜನವರಿ 2025

ಛಾಯಾ,

ನಾಲ್ಕು ತಿಂಗಳಿಂದ ನಾನು ಬರೆಯಲಿಲ್ಲ. ಬರೆಯಲು ಕೂತರೆ ಮೆಟ್ಟಿಲು ಕಣ್ಣೆದುರು ಬರುತ್ತಿತ್ತು. ಈಗಲೂ ಬರುತ್ತದೆ.

ಮುಂದಿನ ವಾರ ಬುಧವಾರ ಅಪ್ಪನನ್ನು ತಪಾಸಣೆಗೆ ಕರೆದಿದ್ದಾರೆ. ಅಂಬಾದಾಸ ಕಾರಖಾನೆಗೆ ಕಬ್ಬು ಸಾಗಿಸುತ್ತಿದ್ದಾನೆ, ಮಗುವಿಗೆ ಜ್ವರ, ನನಗೆ ಬರಲಾಗುವುದಿಲ್ಲ. ಅಪ್ಪ ಒಬ್ಬನೇ ಬರುತ್ತಾನೆ. ಬೇರೆ ಯಾರನ್ನಾದರೂ ಕೇಳೋಣ ಎಂದು ಯೋಚಿಸಿದೆ. ಅಪ್ಪ, "ಛಾಯಾ ಅದಾಳಲ್ಲ" ಎಂದ.

ಡಾಕ್ಟರು ಹೇಳಿದ್ದು, ಅಪ್ಪ ಕೇಳಿದ್ದು, ನೀನು ಹೇಳಿದ್ದು, ಎಲ್ಲವನ್ನೂ ಆದ ಹಾಗೆ ನನಗೆ ಬರೆ.

ಗುರುಬಾಯಿ


ಸೋಲಾಪುರ
30 ಜನವರಿ 2025

ಗುರುಬಾಯಿ,

ನೀನು ಕೇಳಿದ ಹಾಗೆ ಬರೆಯುತ್ತಿದ್ದೇನೆ.

ನಿನ್ನೆ ಡಾಕ್ಟರ ಕೋಣೆಯಲ್ಲಿ ಐವರು ಕಲಿಯುವ ಹುಡುಗರಿದ್ದರು. ನಾನು ಕಾಕಾನ ಪಕ್ಕದಲ್ಲಿ ನಿಂತೆ. ಒಂದೊಂದು ಮಾತಿಗೂ ಡಾಕ್ಟರನ್ನು ನಿಲ್ಲಿಸಿ, ಅದನ್ನು ಕನ್ನಡದಲ್ಲಿ ಹೇಳಿ, ಕಾಕಾ ಏನು ತಿಳಿದರು ಎಂದು ಅವರ ಬಾಯಿಂದ ಹೇಳಿಸಿ, ಆಮೇಲೆ ಮುಂದಿನ ಮಾತು ಕೇಳಿದೆ. ಹೊರಗೆ ಸಾಲು ಬೆಳೆಯಿತು. ಯಾರೋ ಬೈದರು. ನಾನು ನಿಲ್ಲಿಸಲಿಲ್ಲ.

ಗಾಯ ಒಣಗಿದೆ, ಕೀವಿಲ್ಲ. ಎಡಗಡೆ ಮತ್ತೆ ನಿಂಬೆಕಾಯಿಯಷ್ಟು ಉಬ್ಬಿದೆ. ಇನ್ನೊಂದು ವರ್ಷ ಹೀಗೇ ಇದ್ದರೆ ಮತ್ತೊಮ್ಮೆ ಜಾಳಿ ಹಾಕುವ ವಿಚಾರ ಮಾಡಬಹುದು. ಹಾಕಿಯೇ ತೀರುತ್ತೇವೆ ಎನ್ನಲಾಗುವುದಿಲ್ಲ, ವಯಸ್ಸಾಗಿದೆ, ಎರಡು ಸಲ ಕರುಳು ಕೊಯ್ದಿದೆ. ಅಲ್ಲಿಯವರೆಗೆ ಪಟ್ಟಾ ಬಿಚ್ಚಬಾರದು. ನಡೆಯಬಹುದು. ಕುರಿ ಹಿಡಿಯಬಾರದು, ಮರಿ ಹೊರಬಾರದು, ಗೂಟ ಬಡಿಯಬಾರದು.

ಕಾಕಾ ಕೇಳಿದರು, "ಮೊಮ್ಮಗಳನ್ನ ಎತ್ಕೋಬಹುದೇನ ಕೇಳು."

ಡಾಕ್ಟರು, ಕೂತಾಗ ಯಾರಾದರೂ ತೊಡೆಯ ಮೇಲೆ ಹಾಕಿದರೆ ಆಡಿಸಲಿ, ಬಗ್ಗಿ ನೆಲದಿಂದ ಎತ್ತಬಾರದು ಎಂದರು. ಅದನ್ನು ಹೇಳಿದೆ.

"ನಡ್ಯಾಕ ಕಲತ ಮ್ಯಾಲ ಓಡಿ ಬಂದ್ರ?"

ಅದನ್ನೂ ಕೇಳಿದೆ. ಆಗಲೂ ಎತ್ತಬಾರದು ಎಂದರು. ಹೇಳಿದೆ.

ಆಮೇಲೆ ಕಾಕಾ ಸ್ವಲ್ಪ ಹೊತ್ತು ತಮ್ಮ ರುಮಾಲನ್ನು ಮಡಚಿ ಬಿಚ್ಚಿ ಮಾಡಿ, "ಮೊದಲನೇ ಸಲ ಮೂರ ತಿಂಗಳ ನಾ ಸುಮ್ಮ ಕುಂತಿದ್ರ ಏನಾಗತಿತ್ತು? ಖರೇ ಹೇಳಂತ ಹೇಳು" ಎಂದರು.

ನಾನು ಡಾಕ್ಟರನ್ನು ಕೇಳಿದೆ. ಅವರು ನನ್ನ ಮುಖ ನೋಡಿದರು. ಆಗಿದ್ದು ಆಯಿತು, ಈಗ ಆ ಮಾತು ಯಾಕೆ ಎಂದರು. ಕಾಕಾನಿಗೆ ಬೇಕು ಎಂದೆ. ಆಗ ಹೇಳಿದರು. ನೂರಕ್ಕೆ ನೂರು ಯಾರೂ ಹೇಳಲಾರರು, ಆದರೆ ಹೆಚ್ಚುಪಾಲು ಆ ಹೊಲಿಗೆ ಉಳಿಯುತ್ತಿತ್ತು. ಈ ಹೊತ್ತಿಗೆ ಜಾಳಿ ಕರಗುತ್ತ ಬಂದು ಸ್ವಂತ ಮಾಂಸ ತುಂಬಿರುತ್ತಿತ್ತು. ಕುರಿಯ ಹಿಂದೆ ತಿರುಗುತ್ತಿದ್ದರು.

ಇದನ್ನೂ ಹೇಳಿದೆ, ಗುರುಬಾಯಿ. "ಹೆಚ್ಚುಪಾಲು ಉಳೀತಿತ್ತಂತ ಕಾಕಾ. ಈಗ ನೀವು ಕುರಿ ಹಿಂದ ಇರತಿದ್ರಿ ಅಂತ." ಧ್ವನಿ ಹುಡುಗರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿಯೇ ಬಂತು. ಯಾರೂ ನಗಲಿಲ್ಲ.

ಕಾಕಾ, "ಬರೋಬರಿ" ಎಂದರು.

ಅಲ್ಲಿಂದ ಹೊರಟು ನವಿ ಪೇಠೆಯ ಅಂಗಡಿಯಲ್ಲಿ ಕಾಕಾ ಮಗುವಿಗೆ ಒಂದು ಟೊಪ್ಪಿಗೆ ಕೊಂಡರು. ಬಣ್ಣ ಆರಿಸಲು ನನಗೆ ಹೇಳಿದರು, ಹಳದಿ ಆರಿಸಿದೆ. ಆಮೇಲೆ ಮಂದ್ರೂಪದ ಬಸ್ಸಿನವರೆಗೆ ಅವರ ಚೀಲ ನಾನೇ ಹಿಡಿದು ನಡೆದೆ. ಅವರು ಬೇಡ ಎನ್ನಲಿಲ್ಲ. ಕಿಟಕಿಯ ಪಕ್ಕ ಕೂರಿಸಿ, ಚೀಲವನ್ನು ಸೀಟಿನ ಕೆಳಗೆ ಇಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಅಜ್ಜಾ, ಮಗಳೇನ್ರಿ?" ಎಂದು ಕೇಳಿದಳು.

ಕಾಕಾ ನನ್ನ ಕಡೆ ನೋಡಿದರು. "ನಮ್ಮ ಊರಾಕಿ" ಎಂದರು.

ಅದೇನು ಸುಳ್ಳಲ್ಲ. ಆದದ್ದು ಇಷ್ಟು, ಏನನ್ನೂ ಬಿಟ್ಟಿಲ್ಲ.

ಛಾಯಾ